ಧಾರವಾಡದ ಕಲ್ಲು, ನ್ಯಾಯದ ಹೊಳೆ

ಯಾರೂ ಕಣ್ಣಾರೆ ಕಾಣದ ಕಾಲವನ್ನು ತಿಳಿಯಲು ಸಾಧ್ಯವೇ? ಸಾಧ್ಯ ಎನ್ನುತ್ತದೆ ನ್ಯಾಯದರ್ಶನ. ಉಕ್ಕಿ ಬಂದ ಹೊಳೆಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು ಕಾರ್ಯದಿಂದ ಕಾರಣವನ್ನು ಹಿಡಿಯುವ ಅನುಮಾನ ಪ್ರಮಾಣ. ಈ ಉದಾಹರಣೆ ನ್ಯಾಯಸೂತ್ರದ ಭಾಷ್ಯಕಾರ ವಾತ್ಸ್ಯಾಯನನದು. ಇಂಥ ಅನುಮಾನಕ್ಕೆ ಆಕ್ಷೇಪವೂ ಆ ಸೂತ್ರದಲ್ಲೇ ಇದೆ: ಅಡ್ಡಗಟ್ಟಿದರೂ ಹೊಳೆ ಏರುತ್ತದಲ್ಲ? ಬರೀ ಏರಿದ ನೀರು ಸಾಲದು. ಸೆಳವು, ನೊರೆ, ತೇಲಿ ಬರುವ ಎಲೆ, ಕಾಯಿ, ಕಟ್ಟಿಗೆಗಳನ್ನೂ ನೋಡಬೇಕು ಎಂಬುದು ಉತ್ತರ.

ಇದೇ ಬಗೆಯ ವಾದ ಕರ್ನಾಟಕದ ಕಲ್ಲುಗಳ ಮೇಲೆ ದಶಕಗಟ್ಟಲೆ ನಡೆಯಿತು.

1880ರ ದಶಕದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲಿನ, ಪದರು ಪದರಾದ ಶಿಸ್ಟ್ ಶಿಲಾಪಟ್ಟಿಗಳನ್ನು ಸುತ್ತಲಿನ ಗ್ರಾನೈಟ್ ಜಾತಿಯ ನೈಸ್ ಕಲ್ಲಿನಿಂದ ಬೇರ್ಪಡಿಸಿ ‘ಧಾರವಾಡ’ ಎಂಬ ಹೆಸರು ಕೊಟ್ಟರು. ಅವರ ಪ್ರಕಾರ ನೈಸ್ ತಳಪಾಯ, ಧಾರವಾಡ ಅದರ ಮೇಲೆ ಕೂತದ್ದು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಅದರ ಮುಖ್ಯಸ್ಥ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಈ ಕ್ರಮವನ್ನೇ ತಿರುಗಿಸಿದರು: ಧಾರವಾಡವೇ ಹಳೆಯದು, ಅದರೊಳಕ್ಕೆ ನುಗ್ಗಿದ ನೈಸ್ ಕಿರಿಯದು. ಧಾರವಾಡ ಶಿಲೆಗಳೆಲ್ಲ ಅಗ್ನಿಜನ್ಯ ಎಂದೇ ಆ ಇಲಾಖೆಯ ನಂಬಿಕೆಯಾಗಿತ್ತು. ಹಾಗಾದರೆ ಅವುಗಳಲ್ಲಿ ಹುದುಗಿರುವ ಗುಂಡುಕಲ್ಲುಗಳು? ಹೊಳೆ ಉರುಳಿಸಿದ್ದಲ್ಲ, ನೆಲದೊಳಗಿನ ಒತ್ತಡಕ್ಕೆ ಶಿಲೆಯೇ ಒಡೆದು ಹೊರಳಿ ದುಂಡಗಾದದ್ದು ಎಂದರು.

ಅಡ್ಡಗಟ್ಟಿದ ಹೊಳೆಯ ಆಕ್ಷೇಪವೇ ಇದು. ಕಾರ್ಯ ಒಂದು, ಕಾರಣ ಎರಡಿರಬಹುದು. ಸ್ಮೀತರ ತೀರ್ಮಾನ ಉಳಿಯಲಿಲ್ಲ, ಆದರೆ ಅವರು ಎತ್ತಿದ ಸಂದೇಹ ದೊಡ್ಡದು. ಇನ್ನಷ್ಟು ಕುರುಹು ಹುಡುಕದೆ ಅದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಕುರುಹುಗಳು ಸಿಕ್ಕವು: ಕಲ್ಲಾದ ಮರಳಿನ ಮೇಲೆ ನೀರಿನ ಅಲೆಯ ಗೀರು, ಪ್ರವಾಹ ಬಿಟ್ಟುಹೋದ ಓರೆ ಪದರ. ಅದೇ ಇಲಾಖೆಯ ಬಿ. ರಾಮರಾವ್ 1940ರ ಬರಹದಲ್ಲಿ ಧಾರವಾಡದ ಒಂದು ಪಾಲು ನೀರಿನಲ್ಲಿ ಸಂಚಯವಾದದ್ದೆಂದು ಒಪ್ಪಿದರು. ಬಾಬಾಬುಡನ್ ಸೀಮೆಯ ಕಲ್‌ದುರ್ಗದ ಗುಂಡುಕಲ್ಲುಗಳಲ್ಲಿ ಗ್ರಾನೈಟ್ ಜಾತಿಯವೂ ಇವೆ. ತಳಪಾಯ ಮೊದಲೇ ಇಲ್ಲದಿದ್ದರೆ ಅದರ ಚೂರುಗಳನ್ನು ಹೊಳೆ ತರುವುದಾದರೂ ಹೇಗೆ?

ಕುರುಹು ಕೇಳದ ವಾದವೂ ಉಂಟು. ಪುರಾಣದ ಲೆಕ್ಕದಲ್ಲಿ ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ. ನಮ್ಮವರಿಗೆ ಎಲ್ಲ ಗೊತ್ತಿತ್ತು ಎನ್ನುವವರು ಈ ಸಾಮೀಪ್ಯವನ್ನು ತೋರಿಸುತ್ತಾರೆ. ಎರಡು ಸಂಖ್ಯೆ ಹತ್ತಿರ ಬಂದ ಮಾತ್ರಕ್ಕೆ ಅದು ಪ್ರಮಾಣವಾಗುವುದಿಲ್ಲ, ನೈಯಾಯಿಕರಂತೂ ಒಪ್ಪುತ್ತಿರಲಿಲ್ಲ. ಹೆಮ್ಮೆ ಪಡಬೇಕಾದದ್ದು ಕುರುಹು ಕೇಳುವ ಅವರ ಹಟಕ್ಕೆ.

ಈಗ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷವೆಂದು ಲೆಕ್ಕ ಸಿಕ್ಕಿದೆ, ಧಾರವಾಡ ಅದಕ್ಕಿಂತ ಕಿರಿಯದು. ಹಾಗೆಂದು ಫೂಟ್ ಪೂರ್ತಿ ಗೆದ್ದರು ಎನ್ನುವಂತೆಯೂ ಇಲ್ಲ: ನೈಸ್‌ನೊಳಗೆ ಸಿಕ್ಕಿಬಿದ್ದ, ಅದಕ್ಕಿಂತ ಹಳೆಯ ಶಿಸ್ಟ್ ತುಣುಕುಗಳೂ ಇವೆ. ಇವನ್ನು ಸರಗೂರು ಗುಂಪು ಎಂದು ಧಾರವಾಡದಿಂದ ಬೇರ್ಪಡಿಸಿದ್ದಾರೆ. ಆ ಗುಂಪಿನ ಕ್ವಾರ್ಟ್‌ಜೈಟ್‌ನಲ್ಲಿ 350 ಕೋಟಿ ವರ್ಷ ದಾಟಿದ ಜಿರ್ಕಾನ್ ಹರಳುಗಳಿವೆ. ಅವು ಯಾವುದೋ ಇನ್ನೂ ಹಳೆಯ ನೆಲ ಸವೆದು ಬಂದವು. ಆ ನೆಲವಿತ್ತು ಎನ್ನಲು ಈ ಹರಳುಗಳೇ ಸಾಕ್ಷಿ.