ದಾನವೂ ಮೂಲರಕ್ಷಣೆಯೂ

ಇದ್ದುದೆಲ್ಲವನ್ನೂ ಕೊಟ್ಟುಬಿಡುವುದು ಶ್ರೇಷ್ಠವೋ, ಮೂಲವನ್ನು ಉಳಿಸಿಕೊಂಡು ಕೊಡುವುದು ಶ್ರೇಷ್ಠವೋ? ಈ ವಿಚಾರಕ್ಕೆ ಸೂರ್ಯಕಾಂತಿಯ ಕುಲವು ಎರಡು ದೃಷ್ಟಾಂತಗಳನ್ನು ಒದಗಿಸುತ್ತದೆ.

ನಮ್ಮ ಹೊಲಗಳಲ್ಲಿ ಎಣ್ಣೆಗಾಗಿ ಬೆಳೆಯುವ ಸೂರ್ಯಕಾಂತಿಯು ತನ್ನ ಸಾರವೆಲ್ಲವನ್ನೂ ಬೀಜಕ್ಕೆ ತುಂಬಿ, ಕೆಲವೇ ತಿಂಗಳುಗಳಲ್ಲಿ ಒಣಗಿಹೋಗುವುದು. ಉತ್ತರ ಅಮೆರಿಕದ ಹುಲ್ಲುಬಯಲುಗಳಲ್ಲಿ ಅದರ ದಾಯಾದಿಯೊಂದುಂಟು. 1832ರಿಂದ 1834ರವರೆಗೆ ಆ ಖಂಡದಲ್ಲಿ ಸಂಚರಿಸಿದ ಜರ್ಮನಿಯ ರಾಜಕುಮಾರ ಮ್ಯಾಕ್ಸಿಮಿಲಿಯನನ ಹೆಸರನ್ನು ಅದಕ್ಕಿಟ್ಟಿರುವರು. ಅಲ್ಲಿಯವರು ತೋಟಗಳಲ್ಲಿಯೂ ಅದನ್ನು ಬೆಳೆಸುವರು. ಎಂಟು ಹತ್ತು ಅಡಿ ಏರಬಲ್ಲ ಈ ಗಿಡವು ಶರತ್ಕಾಲದಲ್ಲಿ ಕಾಂಡದುದ್ದಕ್ಕೂ ಹಳದಿಯ ಹೂಗಳನ್ನು ತಳೆಯುವುದು. ಹಿಮಕಾಲದಲ್ಲಿ ಮೇಲ್ಭಾಗವೆಲ್ಲ ಸತ್ತರೂ ನೆಲದೊಳಗಣ ಬೇರು ಉಳಿದು ವಸಂತದಲ್ಲಿ ಪುನಃ ಚಿಗುರುವುದು. ಬೀಜ ಮಾತ್ರ ಚಿಕ್ಕದು.

ಹಾಗಾದರೆ ಇದು ಲೋಭಿಯಲ್ಲವೇ ಎಂದು ಆಕ್ಷೇಪಿಸಬಹುದು. ಲೋಭಿಯು ಕೂಡಿಟ್ಟುದು ಮರಳಿ ಹೊರಬಾರದು. ಈ ಬೇರಿನಲ್ಲಿ ಕೂಡಿದ್ದಾದರೋ ಮರುವರ್ಷದ ಹೂವಾಗಿ ಬರುವುದು. ಹೊಲದ ಸೂರ್ಯಕಾಂತಿಯ ತ್ಯಾಗವೂ ಪೂಜ್ಯವೇ. ಆದರೆ ಅದರ ಹಿಂದೆ ಮತ್ತೆ ಬಿತ್ತುವ ರೈತನ ಕೈಯಿರಬೇಕು. ಅಂತಹ ಆಸರೆಯಿಲ್ಲದ ಗೃಹಸ್ಥನು ಸರ್ವಸ್ವವನ್ನೂ ಒಮ್ಮೆಗೇ ಕೊಟ್ಟುಬಿಟ್ಟರೆ, ನಾಳೆ ಅವನ ಬಾಗಿಲಿಗೆ ಬಂದ ಅತಿಥಿಯು ಹಸಿದೇ ಹಿಂದಿರುಗುವನು.

ಮೂಲರಕ್ಷಣೆಗೂ ಮೇರೆಯುಂಟು. ಆ ಬೇರು ತಡೆಯಿಲ್ಲದೆ ಹಬ್ಬಿದರೆ ನೆರೆಯ ಗಿಡಗಳನ್ನು ಒತ್ತರಿಸುವುದು. ಆದಕಾರಣ ತೋಟಗಾರನು ಕೆಲವು ವರ್ಷಗಳಿಗೊಮ್ಮೆ ಅದನ್ನು ಅಗೆದು, ಬೇಕಾದಷ್ಟನ್ನು ನೆಟ್ಟು, ಮಿಕ್ಕುದನ್ನು ಪರರಿಗೆ ಹಂಚುವನು. ಹಂಚಿದ ತುಂಡೊಂದೊಂದೂ ಬೇರೆ ತೋಟದಲ್ಲಿ ಗಿಡವಾಗುವುದು. ಬೇರನ್ನು ಕಾಯಬೇಕು, ಅದು ನೆರೆಯವನ ನೆಲಕ್ಕೆ ನುಗ್ಗುವ ಮೊದಲೇ ಹಂಚಲೂ ಬೇಕು. ಗೃಹಸ್ಥಧರ್ಮಕ್ಕೆ ಇದೇ ಒಪ್ಪುವ ಮಾರ್ಗವೆಂದು ತೋರುತ್ತದೆ.