ಪ್ರಣಯಕಥೆಯಲ್ಲಿ ನಗೆಯ ಧರ್ಮ

ಪ್ರಣಯವೇ ವಸ್ತುವಾಗಿರುವ ಕಾದಂಬರಿಗಳನ್ನು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳೂ ಸೊಸೆಯಂದಿರೂ ಓದುವುದುಂಟು. ಅದನ್ನು ಕಂಡು ಹಿರಿಯರು ಮುಖ ಸಿಂಡರಿಸುವುದೂ ಉಂಟು. ಪ್ರೇಮವು ಗಂಭೀರವಾದ ವಿಷಯವಾದರೆ ಅದರ ನಡುವೆ ನಗೆಚಾಟಿಕೆಯೇಕೆ? ನಗಿಸುವುದೇ ಉದ್ದೇಶವಾದರೆ ಕೊನೆಯಲ್ಲಿ ಕಣ್ಣೀರು ಸುರಿಸುವುದೇಕೆ? ಇವು ಅವರ ಪ್ರಶ್ನೆಗಳು. ಎರಡನ್ನೂ ಬೆರಸಿದ ಕಥೆಯು ಅನುರಾಗವನ್ನು ಆಟದ ಸಾಮಾನಾಗಿ ಮಾಡಿಬಿಡುವುದೆಂದು ಅವರ ಭಯ. ಈ ಭಯವನ್ನು ಹಳಬರ ಮಾತೆಂದು ತಳ್ಳಿಬಿಡುವುದು ನ್ಯಾಯವಲ್ಲ, ವಿಚಾರಿಸಿ ನೋಡಬೇಕು.

ಶಾಸ್ತ್ರವೂ ಮೇಲುನೋಟಕ್ಕೆ ಹಿರಿಯರ ಪಕ್ಷವನ್ನೇ ಹಿಡಿದಂತೆ ತೋರುವುದು. ಹಾಸ್ಯವು ಶೃಂಗಾರದಿಂದ ಹುಟ್ಟುವುದೆಂದು ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿರುವನಾದರೂ, ಹಾಸ್ಯಕ್ಕೂ ಕರುಣಕ್ಕೂ ವಿರೋಧವೆಂದು ಆಲಂಕಾರಿಕರು ಎಣಿಸಿರುವರು. ಆದರೆ ವಿರೋಧಕ್ಕೆ ಪರಿಹಾರವೂ ಶಾಸ್ತ್ರದಲ್ಲಿಯೇ ಉಂಟು. ಒಂದು ರಸವನ್ನು ಪ್ರಧಾನವಾಗಿ ನಿಲ್ಲಿಸಿ ಇನ್ನೊಂದನ್ನು ಅದಕ್ಕೆ ಅಂಗವಾಗಿಸಿದರೆ, ಇಲ್ಲವೆ ನಡುವೆ ಬೇರೊಂದು ರಸವನ್ನು ತಂದರೆ, ವಿರುದ್ಧ ರಸಗಳೂ ಕೂಡಿ ಬಾಳಬಲ್ಲವೆಂಬುದು ಆನಂದವರ್ಧನನ ಮತ.

ಶಾಸ್ತ್ರವು ಹಾಗಿರಲಿ, ಲೋಕವನ್ನು ನೋಡೋಣ. ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಹಳೆಯ ಕಾಲದ ಮದುವೆಗಳನ್ನು ಕಂಡವರು ಇದನ್ನು ಬಲ್ಲರು. ಕನ್ನಡ ತೆಲುಗುಗಳೆರಡೂ ಹರಿದಾಡುವ ನಮ್ಮ ಮನೆಗಳಲ್ಲಿ ಹೆಂಗಸರು ಬೀಗರ ಹಾಡನ್ನೆತ್ತಿ ಬೀಗಿತ್ತಿಯನ್ನು ಮನಸಾರೆ ಹಾಸ್ಯಮಾಡುತ್ತಿದ್ದರು. ಉರುಟಣೆಯಲ್ಲಿ ಮದುಮಗಳು ಗಂಡನ ಹೆಸರು ಹೇಳಲು ನಾಚಿದಷ್ಟೂ ನಗೆ ಏರುತ್ತಿತ್ತು. ಅದೇ ಹೆಂಗಸರು ಹೆಣ್ಣೊಪ್ಪಿಸುವ ಹಾಡಿಗೆ ಬಂದಾಗ ಚಪ್ಪರದಲ್ಲಿ ಕಣ್ಣು ಒದ್ದೆಯಾಗದವರು ವಿರಳ. ಮೊದಲಿನ ನಗೆ ಸುಳ್ಳೆ? ಕೊನೆಯ ಅಳು ಸುಳ್ಳೆ? ಎರಡೂ ನಿಜವೇ. ಮಗಳ ಮೇಲಣ ಮಮತೆಯೇ ಎರಡಕ್ಕೂ ಮೂಲ.

ಸಾಹಿತ್ಯದಲ್ಲಿ ಇದಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ಮುದ್ದಣನೆಂದು ಪ್ರಸಿದ್ಧನಾದ ನಂದಳಿಕೆಯ ಲಕ್ಷ್ಮೀನಾರಾಯಣಪ್ಪನು ೧೮೭೦ರಲ್ಲಿ ಹುಟ್ಟಿ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದು, ಕ್ಷಯರೋಗದಿಂದ ೧೯೦೧ರಲ್ಲಿ ಅಕಾಲಮರಣವನ್ನು ಹೊಂದಿದನು. ಬಡತನದಲ್ಲಿ ಬಾಳಿದ ಈ ಕವಿಯ ಶ್ರೀರಾಮಾಶ್ವಮೇಧವು ಕಾದಂಬರಿಯಲ್ಲವಾದರೂ, ಅದರಲ್ಲಿ ಬರುವ ಮುದ್ದಣ ಮನೋರಮೆಯರ ಸಲ್ಲಾಪವು ಕನ್ನಡದ ಪ್ರಣಯಗದ್ಯಕ್ಕೆ ತಾಯಿಬೇರಿನಂತಿದೆ. ಕಥೆ ಹೇಳೆಂದು ಕೇಳುವವಳು ಮನೋರಮೆ. ಪದ್ಯ ಬೇಡ, ಗದ್ಯವಾಗಲೆಂದು ವಿಧಿಸುವವಳೂ ಅವಳೇ. ಗಂಡನು ಸಂಸ್ಕೃತಪದಗಳ ಆಡಂಬರಕ್ಕೆ ತೊಡಗಿದರೆ ತನಗೆ ತಿಳಿಯುವ ಕನ್ನಡದಲ್ಲಿ ಹೇಳೆಂದು ಛೇಡಿಸುತ್ತಾಳೆ. ಕವಿಯು ಮುನಿಯುವುದಿಲ್ಲ, ತನ್ನ ಪಾಂಡಿತ್ಯವನ್ನು ಹೆಂಡತಿಯ ನಗೆಯ ಮುಂದೆ ಇಳಿಸಿಡುತ್ತಾನೆ. ಪಾಠಶಾಲೆಯಲ್ಲಿ ಕಲಿತ ನಮ್ಮಂಥವರು ಈ ಪಾಠವನ್ನು ಮನಸ್ಸಿಟ್ಟು ಓದತಕ್ಕದ್ದು.

ಇನ್ನು ಅವನು ಅವಳಿಗೆ ಹೇಳುವ ಕಥೆ ಯಾವುದು? ಸೀತೆಯನ್ನು ಅಗಲಿದ ರಾಮನ ಕಥೆ. ಲೋಕಾಪವಾದವನ್ನು ಕೇಳಿದ ರಾಮನು ಸೀತೆಯೊಡನೆ ಒಂದು ಮಾತನ್ನೂ ಆಡದೆ ಅವಳನ್ನು ಕಾಡಿಗೆ ಕಳುಹಿಸಿದನೆಂಬುದು ನಾವೆಲ್ಲರೂ ಬಲ್ಲ ವೃತ್ತಾಂತ. ಹೀಗೆ ಒಂದೇ ಗ್ರಂಥದಲ್ಲಿ ಎರಡು ದಾಂಪತ್ಯಗಳು ಎದುರುಬದುರಾಗಿ ನಿಂತಿವೆ. ಒಂದರಲ್ಲಿ ಅರಮನೆಯುಂಟು, ಮಾತಿಲ್ಲ; ಇನ್ನೊಂದರಲ್ಲಿ ಬಡತನವುಂಟು, ಮಾತಿಗೂ ನಗೆಗೂ ಬರವಿಲ್ಲ. ಮನೋರಮೆಯ ನಗೆಯನ್ನು ಕೇಳಿದ ಕಿವಿಗೆ ಸೀತೆಯ ಮೌನವು ಇಮ್ಮಡಿಯಾಗಿ ಕೇಳಿಸುವುದು. ನಗೆಯು ಇಲ್ಲಿ ಕರುಣವನ್ನು ಕೆಡಿಸಲಿಲ್ಲ, ಅದನ್ನು ಆಳಗೊಳಿಸಿತು.

ಹಾಗೆಂದು ನಗೆಯೆಲ್ಲವೂ ಸಾಧುವೆ? ಅಲ್ಲ. ಕಾಳಿದಾಸನ ಶಾಕುಂತಲದಲ್ಲಿ ದುಷ್ಯಂತನು ತನ್ನ ಪ್ರೇಮವನ್ನು ವಿದೂಷಕನಿಗೆ ಬಾಯ್ತುಂಬ ಹೇಳಿ, ಅವನು ಊರಿಗೆ ಹೊರಡುವಾಗ ಅಂತಃಪುರಕ್ಕೆ ಸುದ್ದಿ ಮುಟ್ಟೀತೆಂಬ ಅಂಜಿಕೆಯಿಂದ, ಹೇಳಿದ್ದೆಲ್ಲ ಪರಿಹಾಸವೆಂದು ಬಿಡುತ್ತಾನೆ. ಶಾಪದಿಂದ ರಾಜನಿಗೆ ಮರವೆ ಕವಿದಾಗ ವಿದೂಷಕನು ಏನನ್ನೂ ನೆನಪಿಸಲಿಲ್ಲ. ತಾನು ಆ ಮಾತನ್ನು ನಂಬಿದೆನೆಂದು ಆರನೆಯ ಅಂಕದಲ್ಲಿ ಅವನೇ ಹೇಳುತ್ತಾನೆ. ತನ್ನ ಹಿತಕ್ಕಾಗಿ ಸತ್ಯವನ್ನು ಮುಚ್ಚಲು ಹಾಸ್ಯದ ಹೊದಿಕೆಯನ್ನು ತಂದವನು ಆಮೇಲೆ ಆ ಸತ್ಯಕ್ಕೆ ಸಾಕ್ಷಿಯಿಲ್ಲದವನಾದನು.

ಎರಡನೆಯ ದೋಷವು ಬಲಹೀನರನ್ನು ನಗುವುದು. ಆಂಗ್ಲ ಲೇಖಕಿ ಜೇನ್ ಆಸ್ಟಿನಳ 'ಎಮ್ಮಾ' (೧೮೧೫) ನಗೆ ತುಂಬಿದ ಪ್ರಣಯಕಥೆ. ಅದರ ನಾಯಿಕೆಯು ವನವಿಹಾರದಲ್ಲಿ ಎಲ್ಲರೆದುರಿಗೆ ಬಡ ಅವಿವಾಹಿತೆಯಾದ ಮಿಸ್ ಬೇಟ್ಸಳ ವಾಚಾಳತನವನ್ನು ಗೇಲಿಮಾಡುತ್ತಾಳೆ. ಅವಳನ್ನು ಪ್ರೀತಿಸುವ ನೈಟ್ಲಿಯೇ ಅವಳನ್ನು ಗದರಿಸುತ್ತಾನೆ: ಆಕೆ ಸಿರಿವಂತೆಯಾಗಿದ್ದರೆ ಹಾಸ್ಯವನ್ನು ಸಹಿಸಬಹುದಾಗಿತ್ತು, ದೈನ್ಯಕ್ಕಿಳಿದವಳನ್ನು ನಗುವುದು ತರವಲ್ಲವೆಂದು ಅವನ ಅಭಿಪ್ರಾಯ. ಎಮ್ಮಾ ಅಳುತ್ತಾಳೆ. ಅವರ ಅನುರಾಗವು ಹದಗೊಂಡದ್ದು ಈ ಗದರಿಕೆಯಿಂದ ಎಂದರೆ ತಪ್ಪಾಗದು.

ನಮ್ಮ ಗುಲ್ವಾಡಿ ವೆಂಕಟರಾಯರು ೧೮೯೯ರಲ್ಲಿ ಪ್ರಕಟಿಸಿದ 'ಇಂದಿರಾಬಾಯಿ'ಯನ್ನು ಇದರ ಜೊತೆಗಿಟ್ಟು ನೋಡಬೇಕು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಕೆಗೊಂಡ ಈ ಗ್ರಂಥದಲ್ಲಿ ಎಳೆಯ ವಿಧವೆಯ ದುಃಖವೂ, ಭಾಸ್ಕರರಾಯನೊಡನೆ ಅವಳ ವಿವಾಹವೂ, ತೀಕ್ಷ್ಣವಾದ ವಿಡಂಬನೆಯೂ ಉಂಟು. ಆದರೆ ವಿಡಂಬನೆಯ ಪೆಟ್ಟು ಬೀಳುವುದು ಸಂತರ ವೇಷದ ಕಪಟಿಗಳ ಮೇಲೆ, ಧನದ ಮದದ ಮೇಲೆ, ಇಂದಿರೆಯ ಮೇಲಲ್ಲ.

ಇದರಿಂದ ನಿಷ್ಪನ್ನವಾಗುವುದೇನೆಂದರೆ, ಪ್ರಣಯಕಥೆಯಲ್ಲಿ ನಗೆಯುಂಟೆ ಇಲ್ಲವೆ ಎಂಬುದು ಮುಖ್ಯ ಪ್ರಶ್ನೆಯಲ್ಲ. ನಗೆಗೆ ಗುರಿಯಾದವರು ಮರಳಿ ನಗಬಲ್ಲರೆ? ಆ ನಗೆಯು ಸತ್ಯವನ್ನು ಹೊರಗೆಳೆಯುವುದೊ, ಮುಚ್ಚಿಡುವುದೊ? ಇವೆರಡನ್ನು ಕೇಳಬೇಕು. ಸಮಾನಸ್ಕಂಧರಾದ ಇಬ್ಬರು ಒಬ್ಬರನ್ನೊಬ್ಬರು ನಕ್ಕು, ಆ ನಗೆಯಲ್ಲಿ ತಮ್ಮ ಅಹಂಕಾರವನ್ನು ಕಳೆದುಕೊಳ್ಳುವ ಕಥೆಯಿಂದ ಮನೆಗೆ ಕೇಡಿಲ್ಲ. ಹೆಂಗಸಿನ ಕುರೂಪವನ್ನೊ, ಅತ್ತೆಯ ಮುಪ್ಪನ್ನೊ, ಆಳಿನ ತೊದಲನ್ನೊ ಹಿಡಿದು ನಗಿಸುವ ಕಥೆಯು, ಕೊನೆಯಲ್ಲಿ ಎಷ್ಟೇ ಕಣ್ಣೀರು ತರಿಸಲಿ, ತ್ಯಾಜ್ಯ.

ಆದಕಾರಣ ಮನೆಯ ಹಿರಿಯರು ಕಾದಂಬರಿಯನ್ನು ಕಿತ್ತುಕೊಳ್ಳುವುದಕ್ಕೆ ಮೊದಲು ತಾವೂ ಒಮ್ಮೆ ಓದಲಿ. ಓದುತ್ತಿದ್ದವಳನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು, ಎಲ್ಲಿ ನಕ್ಕೆಯಮ್ಮ, ಏಕೆ ನಕ್ಕೆ ಎಂದು ಕೇಳಲಿ. ಅವಳ ಉತ್ತರದಿಂದ ಗ್ರಂಥದ ಯೋಗ್ಯತೆ ತಿಳಿಯುವುದು. ಮನೆಯಲ್ಲಿ ಮಾತೂ ಬೆಳೆಯುವುದು.