ಕಲ್ಪನಾ: ಕೆಲವು ಚಿಂತನ ಕಣಗಳು

ಒಂದು ಕಾಲದಲ್ಲಿ ಯಕ್ಷಗಾನ ಮೇಳಗಳಲ್ಲಿ ದ್ರೌಪದಿಯೂ ಗಂಡಸು, ದಮಯಂತಿಯೂ ಗಂಡಸು. ಆ ಕಾಲದ ಕರಾವಳಿಯಲ್ಲಿ ಹುಡುಗಿಯೊಬ್ಬಳಿಗೆ ಬಣ್ಣ ಹಚ್ಚುವ ಆಸೆ ಹುಟ್ಟಿದರೆ ಊರು ಬಿಡುವುದೇ ದಾರಿ. ಬೆಳ್ತಂಗಡಿಯ ಲೀಲಾವತಿ ಮೈಸೂರಿನ ನಾಟಕ ಕಂಪನಿ ಸೇರಿದರು. ಮಂಗಳೂರು ಸೀಮೆಯ ಶರತ್‌ಲತಾ ಸಿನಿಮಾಕ್ಕೆ ಹೋಗಿ ಕಲ್ಪನಾ ಆದರು.

*

1969ರ ‘ಗೆಜ್ಜೆಪೂಜೆ’ಯಲ್ಲಿ ಇವರಿಬ್ಬರೂ ತಾಯಿ, ಮಗಳು. ಊರಲ್ಲಿ ರಂಗಸ್ಥಳ ಸಿಗದ ಇಬ್ಬರನ್ನು ಊರಿನವರು ಟಿಕೆಟ್ ಕೊಂಡು ನೋಡಿ, ಕಣ್ಣೊರೆಸಿಕೊಂಡು ಮನೆಗೆ ಹೋದರು.

*

ಕಲ್ಪನಾ ಬಗ್ಗೆ ಮಾತು ಶುರುವಾದರೆ ಮೊದಲು ಬರುವ ಹೆಸರು ನಿರ್ದೇಶಕ ಪುಟ್ಟಣ್ಣ ಕಣಗಾಲರದು. ಇರಲಿ, ಅವರ ಪಾಲು ದೊಡ್ಡದೇ. ಆದರೆ ನಾನು ಹಿಡಿದಿರುವ ಲೆಕ್ಕದ ಪುಸ್ತಕ ಬೇರೆ. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರೂ ತ್ರಿವೇಣಿಯವರ ಕಾದಂಬರಿಗಳು. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ‘ಕಪ್ಪು ಬಿಳುಪು’ ತ್ರಿವೇಣಿಯವರ ತಂಗಿ ಆರ್ಯಾಂಬ ಪಟ್ಟಾಭಿಯವರದು. ‘ಎರಡು ಕನಸು’ ವಾಣಿಯವರದು. ಕಲ್ಪನಾ ಅಭಿನಯವೆಂದು ನಾವು ಕೊಂಡಾಡುವುದರ ಬಹುಪಾಲು, ಅಡುಗೆಮನೆ ಕೆಲಸ ಮುಗಿಸಿ ಕಾದಂಬರಿ ಓದುತ್ತಿದ್ದ ಹೆಂಗಸರಿಗೆ ಆಗಲೇ ಗೊತ್ತಿದ್ದ ದುಃಖ. ಅದಕ್ಕೆ ಒಂದು ಮುಖ ಬೇಕಿತ್ತು. ಮುಖ ಕೊಟ್ಟವರಿಗೆ ಬಂದ ಹೆಸರು ಬರೆದವರಿಗೆ ಬರಲಿಲ್ಲ.

*

ತ್ರಿವೇಣಿ ತೀರಿಕೊಂಡದ್ದು 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ. ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಮೂಲಕ ಕಲ್ಪನಾ ತೆರೆಗೆ ಬಂದದ್ದೂ ಅದೇ ವರ್ಷ. ಬರೆದವರಿಗೆ 35 ತುಂಬಲಿಲ್ಲ. ನಟಿಸಿದವರಿಗೆ 36 ತುಂಬಲಿಲ್ಲ.

*

‘ಶರಪಂಜರ’ದ ಕಾವೇರಿಗೆ ಕಾಯಿಲೆ ವಾಸಿಯಾಗುವುದು ಆಸ್ಪತ್ರೆಯಲ್ಲಿ, ಮರುಕಳಿಸುವುದು ಮನೆಯಲ್ಲಿ.

*

ಬಾಣಂತಿಯ ಮನಸ್ಸೂ ಕಾಯಿಲೆ ಬೀಳಬಹುದೆಂದು ಬಾಯಿಬಿಟ್ಟು ಹೇಳಲು ನಾಚುತ್ತಿದ್ದ ಕಾಲದಲ್ಲಿ ಆ ಚಿತ್ರ ಬಂತು. ಅಕ್ಕಪಕ್ಕದವರ ಅನುಮಾನ, ಗಂಡನ ಕಳ್ಳನೋಟ, ಮಕ್ಕಳನ್ನು ಅವಳ ಹತ್ತಿರ ಬಿಡಲು ಹಿಂಜರಿಕೆ: ಇವಿಷ್ಟು ಸಾಕು, ಗುಣವಾಗಿ ಬಂದವಳನ್ನು ಮತ್ತೆ ಹುಚ್ಚಿಯಾಗಿಸಲು. ಆದರೂ ನಮ್ಮ ಮಿಮಿಕ್ರಿ ಕಲಾವಿದರು ಅನುಕರಿಸಿದ್ದು ಕಾವೇರಿಯ ಕಿರುಚಾಟವನ್ನು ಮಾತ್ರ. ಅವಳನ್ನು ಕಿರುಚಿಸಿದ ಮನೆಮಂದಿಯ ಅನುಕರಣೆಯನ್ನು ನಾನು ಎಲ್ಲೂ ನೋಡಿಲ್ಲ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಪ್ರಾಯಶಃ.

*

ಕಲ್ಪನಾ ಅವರದು ಅತಿನಟನೆ ಎನ್ನುವವರಿದ್ದಾರೆ. ಕೆಲವು ದೃಶ್ಯಗಳಲ್ಲಿ ಹೌದು, ದನಿ ಮೇಲಕ್ಕೆ ಹೋಯಿತೆಂದರೆ ಇಳಿಯುವುದೇ ಇಲ್ಲ. ಆದರೆ ತಗ್ಗಿದ ದನಿಯಲ್ಲಿ ಹೇಳಿದ್ದನ್ನು ಆ ಮನೆಗಳಲ್ಲಿ ಯಾರು ಕೇಳುತ್ತಿದ್ದರು?

*

‘ಬೆಳ್ಳಿಮೋಡ’ದ ಕೊನೆಯಲ್ಲಿ ಮಾತ್ರ ಅವರು ಕೂಗುವುದಿಲ್ಲ. ಆಸ್ತಿಗೆ ವಾರಸುದಾರ ತಮ್ಮ ಹುಟ್ಟಿದನೆಂದು ತನ್ನನ್ನು ಕೈಬಿಟ್ಟವನ ಶುಶ್ರೂಷೆ ಮಾಡುತ್ತಾಳೆ ಇಂದಿರಾ. ಅವನಿಗೆ ಬುದ್ಧಿ ಬಂದು, ಮದುವೆಯಾಗೋಣ ಎಂದಾಗ ಒಲ್ಲೆ ಎನ್ನುತ್ತಾಳೆ. 1967ರಲ್ಲಿ ಕನ್ನಡದ ನಾಯಕಿಯೊಬ್ಬಳು ಸಿನಿಮಾ ಮುಗಿಯುವ ಹೊತ್ತಿಗೆ ಒಂಟಿಯಾಗಿಯೂ ಸೋಲದೆ ನಿಂತಿದ್ದಳು. ಕಲ್ಪನಾ ಅವರ ಅತ್ಯುತ್ತಮ ಗಳಿಗೆ ಯಾವುದೆಂದು ಕೇಳಿದರೆ ನನ್ನ ಮತ ಇದಕ್ಕೇ.

*

ಕಲ್ಪನಾ ಅವರ ಉದ್ದ ತೋಳಿನ ರವಿಕೆ, ಬೆರಳು ತುಂಬ ದಪ್ಪ ಉಂಗುರ. ಹೆಂಗಸರು ಅದನ್ನು ನೋಡಿ ತಮಗೂ ಮಾಡಿಸಿಕೊಂಡರು. ನಟಿಯನ್ನು ಅನುಕರಿಸುವುದು ಸುಲಭ, ನಟಿಯಾಗಲು ಹೊರಟ ಮಗಳನ್ನು ಒಪ್ಪುವುದು ಕಷ್ಟ. ಒಂದೇ ಮನೆಯಲ್ಲಿ ಎರಡೂ ನಡೆಯುತ್ತಿದ್ದವು.

*

ನಾಯಕನಿಗೆ ವಯಸ್ಸಾದರೆ ಹೊಸ ನಾಯಕಿ ಬರುತ್ತಾಳೆ. ನಾಯಕಿಗೆ ವಯಸ್ಸಾದರೂ ಬರುವವಳು ಹೊಸ ನಾಯಕಿಯೇ.

*

ಆಫ್ರಿಕಾದ ಯೊರೂಬಾ ಜನರ ಸಿನಿಮಾ ಚರಿತ್ರೆ ಓದುವಾಗ ನನಗೆ ನಮ್ಮ ತುಳು ರಂಗಭೂಮಿ ನೆನಪಾಗುತ್ತದೆ. ಅಲ್ಲಿಯೂ ಊರೂರು ತಿರುಗುವ ನಾಟಕ ತಂಡಗಳೇ ಸಿನಿಮಾಕ್ಕೆ ನಟನಟಿಯರನ್ನು ಕೊಟ್ಟವು. ನಾಟಕದ ಹ್ಯೂಬರ್ಟ್ ಒಗುಂಡೆ 1979ರಲ್ಲಿ ‘ಆಯೆ’ ಎಂಬ ಚಿತ್ರದೊಂದಿಗೆ ತೆರೆಗೆ ಬಂದರು. ಮಂಗಳೂರಿನಲ್ಲಿ 2011ರ ತುಳು ಚಿತ್ರ ‘ಒರಿಯರ್ದೊರಿ ಅಸಲ್’ ಕೂಡ ಮೊದಲು ನಾಟಕವಾಗಿದ್ದದ್ದೇ. ಕಲ್ಪನಾ ನಡೆದದ್ದು ಎದುರು ದಿಕ್ಕಿಗೆ. ಒಗುಂಡೆ ವೇದಿಕೆಯಿಂದ ತೆರೆಗೆ ಬಂದ ವರ್ಷ, ಕನ್ನಡದ ಮಿನುಗುತಾರೆ ತೆರೆಯಿಂದ ವೇದಿಕೆಗೆ ಹೋಗಿ ಉತ್ತರ ಕರ್ನಾಟಕದಲ್ಲಿ ನಾಟಕವಾಡುತ್ತಿದ್ದರು. ಇಳಿದುಹೋದರು ಎಂದೇ ಜನ ಆಡಿಕೊಂಡರು. ನಾಟಕಕ್ಕೆ ಹೋಗುವುದು ಇಳಿಯುವುದು ಹೇಗಾಗುತ್ತದೋ, ನನಗಂತೂ ಅರ್ಥವಾಗಿಲ್ಲ.

*

1979ರ ಮೇ 12ರಂದು ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಅವರು ತೀರಿಕೊಂಡರು. ಅಂದಿನಿಂದ ಆ ಸಾವಿಗೆ ಕತೆ ಕಟ್ಟುತ್ತಲೇ ಇದ್ದೇವೆ. ‘ಗೆಜ್ಜೆಪೂಜೆ’ಯಲ್ಲಿ ಅವರೇ ನಟಿಸಿದ ಚಂದ್ರಾಳ ಅಂತ್ಯವನ್ನು ತಂದು ಅವರಿಗೆ ಅಂಟಿಸಿದವರೂ ಉಂಟು. ಪಾತ್ರವೇ ತಾನಾಗಿ ನಟಿಸಿದರೆಂದು ಮೆಚ್ಚಿದ್ದು ಸರಿ. ಸತ್ತಮೇಲೂ ಪಾತ್ರದಿಂದ ಆಚೆ ಬಿಡದಿರುವುದು ಮೆಚ್ಚುಗೆಯಲ್ಲ.

*

ನಟಿ ಎಂ.ವಿ. ರಾಜಮ್ಮ ‘ರಾಧಾರಮಣ’ ನಿರ್ಮಿಸಿದ್ದು 1943ರಲ್ಲಿ. ಕಲ್ಪನಾ ಹುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ. ನಟಿಯೂ ಬಂಡವಾಳ ಹೂಡಬಹುದೆಂದು ಗೊತ್ತಾದ ನಾಡಿನಲ್ಲೇ ಇವರು ಬೆಳೆದರು. ಆದರೆ ಇವರು ಹೆಸರು ಮಾಡಿದ ಚಿತ್ರಗಳ ಕತೆ ಬರೆದವರು ಹೆಂಗಸರು, ಅನುಭವಿಸಿ ತೋರಿಸಿದವರು ಹೆಂಗಸು. ಕ್ಯಾಮೆರಾ ಎಲ್ಲಿಡಬೇಕೆಂದು ತೀರ್ಮಾನಿಸಿದವರು ಮಾತ್ರ ಗಂಡಸರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಹೆಂಗಸೊಬ್ಬರು, ಪ್ರೇಮಾ ಕಾರಂತರು, ನಿರ್ದೇಶಿಸಿದ್ದು 1983ರಲ್ಲಿ, ಕಲ್ಪನಾ ಇಲ್ಲವಾದ ಮೇಲೆ.

*

ಕಲ್ಪನಾ ಸತ್ತದ್ದು ಹೇಗೆ ಎಂದು ವಿಡಿಯೋ ಹುಡುಕುವವರಲ್ಲಿ ಒಂದು ವಿನಂತಿ: ಅದನ್ನು ಬಿಟ್ಟು ‘ಬೆಳ್ಳಿಮೋಡ’ ಪೂರ್ತಿ ನೋಡಿ, ಆಮೇಲೆ ತ್ರಿವೇಣಿಯವರ ಕಾದಂಬರಿ ಓದಿ.